ಯಡ್ತರೆಯ ಚಳಿಗೆ ಮೀನಿನ ಗಾಡಿಯಲ್ಲಿ

ಶನಿವಾರ ಮಧ್ಯಾಹ್ನ ಊಟ ಮುಗಿಸಿ ಬ್ರಹ್ಮಾವರದಿಂದ ಹೊರಟೆವು. ನಾನು, ನನ್ನ ಹೆಂಡತಿ ಜಲಜ, ಮತ್ತೆ ನಮ್ಮ ನಾಯಿಗಳು ಬೊಗ್ಗು, ಚಿಟ್ಟಿ. ಬೊಗ್ಗು ಮುದುಕ, ನಡೆಯುವುದಕ್ಕಿಂತ ಮಲಗುವುದೇ ಹೆಚ್ಚು. ಚಿಟ್ಟಿಗೆ ಇನ್ನೂ ವರ್ಷ ತುಂಬಿಲ್ಲ. ಗಾಡಿ ನಾನೇ ಕಟ್ಟಿದ್ದು. ಹಳೆಯ ಟೆಂಪೊ ಒಂದನ್ನು ತಂದು, ಮಳೆಗಾಲ ಪೂರ್ತಿ, ದಿನದ ಕೆಲಸ ಮುಗಿದ ಮೇಲೆ ಶೆಡ್ಡಿನಲ್ಲಿ ಕೂತು ಅದಕ್ಕೆ ಹೊಸ ಬಾಡಿ ಕಟ್ಟಿ, ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಕಿಟಕಿ ಎಲ್ಲ ಕೂರಿಸಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ಆದರೆ ನಾನು ಹಾಕಿದ ಬೆಸುಗೆ ಇವತ್ತಿನವರೆಗೆ ಎಲ್ಲೂ ಬಿಟ್ಟಿಲ್ಲ. ಮಲ್ಪೆ, ಗಂಗೊಳ್ಳಿಯಿಂದ ಮೀನು ಹೊತ್ತು ಓಡುವ ಗಾಡಿಗಳಲ್ಲಿ ನನ್ನ ಕೈಯ ಬಾಡಿ ಎಷ್ಟಿವೆಯೋ, ನನಗೇ ನೆನಪಿಲ್ಲ.

ಜಲಜಳಿಗೆ ಮಾತ್ರ ಈ ಗಾಡಿಯಲ್ಲಿ ಮಲಗುವುದು ಸಮಾಧಾನವಿರಲಿಲ್ಲ. “ಮನಿ ಇಪ್ಪತಿಗೆ ರಸ್ತಿ ಬದಿಯಲ್ ಮನಿಕಂಬುದ್ ಎಂತಕೆ?” ಎನ್ನುವಳು. ಕೋಟೇಶ್ವರದ ಹೋಟೆಲಿನ ಶೀನಣ್ಣ ಅದನ್ನು ನೋಡಿ, ತಿಂಡಿ ಗಾಡಿ ಮಾಡಲು ತನಗೆ ಕೊಡಬೇಕೆಂದು ಹಿಂದೆ ಬಿದ್ದಿದ್ದರು. ಕೊನೆಗೆ ಅವಳೇ ಹೇಳಿದಳು: “ಒಂದ್ ಸಲ ಬತ್ತೆ. ನಂಗ್ ಸರಿ ಆಯ್ಲಿಲ್ಲೆ ಅಂದ್ರೆ ಅವ್ರಿಗ್ ಕೊಟ್ಬಿಡಿ.” ನಾನು ಒಪ್ಪಿದೆ. ಆದಿತ್ಯವಾರ ಸಂಜೆ ಬರುವಾಗ ಹೇಳುತ್ತೇನೆ ಎಂದು ಶೀನಣ್ಣನಿಗೂ ಮಾತು ಕೊಟ್ಟಾಗಿತ್ತು.

ಬೈಂದೂರಿಗೆ ಸುಮಾರು ಅರವತ್ತು ಕಿಲೋಮೀಟರ್ ದಾರಿ. ಸಾಲಿಗ್ರಾಮ ದಾಟುವವರೆಗೆ ಚಿಟ್ಟಿ ಬಸ್ಸುಗಳಿಗೆಲ್ಲ ಬೊಗಳಿದಳು, ಮತ್ತೆ ಸುಸ್ತಾಗಿ ಜಲಜಳ ತೊಡೆಯ ಮೇಲೆ ತಲೆ ಇಟ್ಟಳು. ಮರವಂತೆಯಲ್ಲಿ ಗಾಡಿ ನಿಲ್ಲಿಸಿ ಚಾ ಕುಡಿದೆವು. ಅಲ್ಲಿ ರಸ್ತೆಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಕಟ್ಟಿದ ಗಾಡಿ ತಲುಪಿಸಲು ಹೋಗುವಾಗ ಎಷ್ಟೋ ಸಲ ಹಾದು ಹೋದ ಜಾಗವೇ. ಆ ದಿನ ಹೊತ್ತು ಇಳಿಯುತ್ತಿತ್ತು, ಕಡಲು ಮಾತಾಡುತ್ತಿತ್ತು, ಹೊಳೆ ಸುಮ್ಮನೆ ಕೇಳಿಸಿಕೊಳ್ಳುತ್ತಿತ್ತು. ನಡುವೆ ನಾವು ಗ್ಲಾಸು ಹಿಡಿದು ನಿಂತಿದ್ದೆವು. ಚಾ ತಣಿದದ್ದು ಇಬ್ಬರಿಗೂ ತಿಳಿಯಲಿಲ್ಲ.

ಯಡ್ತರೆಯಲ್ಲಿ ಹೆದ್ದಾರಿ ಬಿಟ್ಟು ಗುಡ್ಡದ ಕಡೆ ಒಳರಸ್ತೆ ಹಿಡಿದೆವು. ಕಡಲ ಬದಿಯಲ್ಲಿ ಚಳಿ ಅಂದರೆ ಬೆಳಗಿನ ಜಾವ ಒಂದು ಹೊದಿಕೆ ಎಳೆದುಕೊಳ್ಳುವಷ್ಟು. ಘಟ್ಟದ ಬುಡಕ್ಕೆ ಹೋದಂತೆ ಅದರ ಬಣ್ಣವೇ ಬೇರೆ. ಕಿಟಕಿಯ ಗಾಜು ಮುಟ್ಟಿದರೆ ಬೆರಳು ಜುಂ ಎನ್ನುತ್ತಿತ್ತು. ಕೊಯ್ಲಾದ ಗದ್ದೆಯೊಂದರ ಅಂಚಿಗೆ ಗಾಡಿ ನಿಲ್ಲಿಸಿದೆ. ಗದ್ದೆಯ ಯಜಮಾನ್ತಿ ಪದ್ದಕ್ಕ, ತಲೆಗೆ ಬೈರಾಸು ಸುತ್ತಿಕೊಂಡ ಹಿರಿಯ ಹೆಂಗಸು, ಬಟ್ಟಲು ಹಿಡಿದುಕೊಂಡೇ ಬಂದರು.

“ಹ್ವಾಯ್, ಇವತ್ ಎಂತ ಮೀನ್?”

“ಮೀನಲ್ಲ ಅಕ್ಕ, ನಾವೇ,” ಎಂದಳು ಜಲಜ. “ಇದ್ರೊಳ್ಗೆ ಮನಿಕಂಬುಕೆ ಬಂದದ್ದ್.”

“ಅಯ್ಯೋ ಮಾರಾಯ್ತಿ, ನಿಮ್ ಮನಿಗ್ ಎಂತ ಆಯ್ತ್?”

“ಮನಿಗ್ ಎಂತ ಆಯ್ಲಿಲ್ಲೆ. ಇವ್ರ್ ತಲಿಗೆ ಆದ್ದ್.”

ಪದ್ದಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. “ಚಳಿ ಆರೆ ಮನಿಗ್ ಬನ್ನಿ, ಜಗ್ಲಿ ಇತ್ತ್,” ಎಂದು ಹೇಳಿ, ಖಾಲಿ ಬಟ್ಟಲಿನೊಂದಿಗೆ ವಾಪಸು ಹೋದರು.

ಗಂಜಿ, ಒಣಮೀನಿನ ಚಟ್ನಿ ಉಂಡು ಬೇಗ ಮಲಗಿದೆವು. ಗದ್ದೆಯಿಂದ ಮಂಜು ಏಳುತ್ತಿತ್ತು. ಕಿಟಕಿ ಹಾಕಿದೆ, ಬಾಗಿಲು ಬಿಗಿದೆ. ಸ್ವಲ್ಪ ಹೊತ್ತಿಗೆ ಜಲಜ ಕಾಲು ಮಡಚಿದಳು.

“ಹ್ವಾಯ್, ಕಾಲಿಗೆ ಗಾಳಿ ಬತ್ತಾ ಇತ್ತ್.”

“ನಾ ಕಟ್ಟಿದ ಬಾಡಿಯೊಳ್ಗೆ ಗಾಳಿಯಾ? ನಿಂಗೆ ಕನ್ಸ್ ಬಿದ್ದಿತ್.”

“ಕನ್ಸ್ ಬೀಳುಕೆ ನಿದ್ರಿ ಬರ್ಕಲ್ದಾ?”

ಎದ್ದು ಟಾರ್ಚು ಹಾಕಿದೆ. ಮೂಲೆಯಲ್ಲಿ ಚಿಟ್ಟಿ ನೆಲಕ್ಕೆ ಮೂತಿ ಇಟ್ಟು ನಿಂತಿದ್ದಳು, ಅವಳ ಮೀಸೆ ನಡುಗುತ್ತಿತ್ತು. ನೋಡಿದರೆ ಅಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ಮೀನಿನ ಗಾಡಿಯ ನೆಲಕ್ಕೆ ಒಂದು ಮೂಲೆಯಲ್ಲಿ ತೂತು ಬಿಡುತ್ತೇವೆ, ಕರಗಿದ ಐಸಿನ ನೀರು ಹೊರಗೆ ಹೋಗಬೇಕಲ್ಲ. ನೆಲವನ್ನೂ ಆ ಮೂಲೆಗೆ ಸ್ವಲ್ಪ ಇಳಿಜಾರು ಮಾಡುತ್ತೇವೆ. ಇಷ್ಟು ವರ್ಷ ಕಟ್ಟಿದ ಕೈ, ನನ್ನನ್ನು ಕೇಳದೆ ಎರಡನ್ನೂ ಮಾಡಿಬಿಟ್ಟಿತ್ತು. ಮಲಗಿದಾಗಿನಿಂದ ನಾವಿಬ್ಬರೂ ಒಂದೇ ಬದಿಗೆ ಜಾರುತ್ತಿದ್ದದ್ದು ಏಕೆಂದು ಆಗ ಗೊತ್ತಾಯಿತು.

ಜಲಜ ತೂತನ್ನು ನೋಡಿದಳು, ನನ್ನನ್ನು ನೋಡಿದಳು. “ನಾವ್ ಕರ್ಗಿರೆ ನೀರ್ ಹೋಪುಕಾ?”

ಗಾಡಿ ಇನ್ನು ಶೀನಣ್ಣನ ಪಾಲಾಯಿತು ಎಂದುಕೊಂಡೆ. ಅವಳು ಮಾತ್ರ ಹೊದಿಕೆಯೊಳಗೆ ಮುಖ ಹುಗಿದು ನಗುತ್ತಲೇ ಇದ್ದಳು. ನಾಯಿ ಬೊಗ್ಗು ಅಷ್ಟು ಹೊತ್ತಿಗೆ ಎದ್ದು ಬಂದು, ಆ ಮೂಲೆಯ ಹಳ್ಳ ತನಗೇ ಮಾಡಿದ್ದು ಎಂಬಂತೆ ತೂತಿನ ಮೇಲೆ ಸುರುಳಿಯಾಗಿ ಮಲಗಿದ. ಗಾಳಿ ನಿಂತಿತು. ಅವನ ಗೊರಕೆ ಶುರುವಾಯಿತು.

ಬೆಳಿಗ್ಗೆ ಏಳುವಾಗ ಜಲಜ ಮಂಚದಲ್ಲಿ ಇರಲಿಲ್ಲ. ಚಳಿ ತಾಳದೆ ಪದ್ದಕ್ಕನ ಜಗಲಿಗೆ ಹೋಗಿರಬೇಕು ಎಂದುಕೊಂಡೆ. ಬಾಗಿಲು ತೆಗೆದೆ. ಹೊರಗೆ ಲೋಕವೇ ಇಲ್ಲ. ಗದ್ದೆ, ಗುಡ್ಡ, ತೆಂಗಿನ ಮರ ಯಾವುದೂ ಇಲ್ಲದೆ ಬರೀ ಬಿಳಿ. ಎಲ್ಲೋ ಒಂದು ಕಡೆ ಕೋಳಿ ಕೂಗಿತು, ಅದರ ದನಿಯೂ ಒದ್ದೆಯಾಗಿತ್ತು. ಸ್ವಲ್ಪ ದೂರದಲ್ಲಿ ನನ್ನ ಕಂಬಳಿ ಹೊದ್ದುಕೊಂಡು ಜಲಜ ನಿಂತಿದ್ದಳು. ಕಾಲ ಬಳಿ ಎರಡೂ ನಾಯಿಗಳು.

“ಇಲ್ಲಿಂದ ಕಾಣಿ,” ಎಂದಳು. “ದೋಣಿ ಕಂಡಂಗೆ ಇತ್ತ್.”

ಅವಳ ಹತ್ತಿರ ಹೋಗಿ ತಿರುಗಿ ನೋಡಿದೆ. ಮಂಜಿನಲ್ಲಿ ಗಾಲಿಗಳು ಮುಳುಗಿದ್ದವು. ಮೇಲಿನ ಬಿಳಿ ಬಾಡಿ ಮಾತ್ರ ತೇಲುತ್ತಿತ್ತು. ಗಾಳಿ ಸ್ವಲ್ಪ ಆಡಿದರೂ ಅದು ಮುಂದೆ ಹೋದಂತೆ ಕಾಣುತ್ತಿತ್ತು.

“ಸಣ್ಣಕಿಪ್ಪತಿಗೆ ಅಪ್ಪಯ್ಯನ ದೋಣಿಯೊಳ್ಗೆ ಒಂದ್ ರಾತ್ರಿ ಮನಿಕಣ್ಕ್ ಅಂದೇಳಿ ಮಸ್ತ್ ಆಸಿ ಇದ್ದಿತ್. ಹೆಣ್ಮಕ್ಳನ್ನ ಹತ್ಸುದಿಲ್ಲೆ ಅಂದ್ರ್.”

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಈ ಚಿಕ್ಕಂದಿನ ಆಸೆ ನಾನು ಕೇಳಿರಲಿಲ್ಲ. ಗಾಡಿ ಹೇಗಾಯಿತು ಎಂದು ಆಗಲೇ ಕೇಳಬಹುದಿತ್ತು. ಕೇಳಿದರೆ ಬೇಡಿದ ಹಾಗೆ ಆಗುತ್ತದೆ ಎಂದು ಒಲೆ ಹಚ್ಚಿ ಚಾಕ್ಕೆ ನೀರಿಟ್ಟೆ.

ಬಿಸಿಲು ಬಂದ ಮೇಲೆ ಬೈಂದೂರಿನ ಕಡಲ ತೀರಕ್ಕೆ ಹೋದೆವು. ಚಿಟ್ಟಿ ಏಡಿಗಳ ಹಿಂದೆ ಓಡಿ ಓಡಿ ಒಂದನ್ನೂ ಹಿಡಿಯಲಿಲ್ಲ. ಬೊಗ್ಗು ಮರಳಿನ ಬಿಸಿಗೆ ಬೆನ್ನು ಕೊಟ್ಟು ಬಿದ್ದುಕೊಂಡ. ಸಣ್ಣ ಹೋಟೆಲೊಂದರಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಉಂಡೆವು. ಮೀನಿನ ತಲೆಗಳು ನಾಯಿಗಳಿಗೆ. ವಾಪಸು ಬರುವಾಗ ಕುಂದಾಪುರದ ಸೇತುವೆಯ ಮೇಲೆ ಜಲಜ ನೀರನ್ನೇ ನೋಡುತ್ತಿದ್ದಳು. ಕೋಟೇಶ್ವರ ಹತ್ತಿರ ಬಂದ ಹಾಗೆ ನನ್ನ ಕಾಲು ತಾನಾಗಿ ವೇಗ ಕಡಿಮೆ ಮಾಡಿತು.

ಶೀನಣ್ಣ ಹೋಟೆಲಿನ ಎದುರು ನಿಂತೇ ಇದ್ದರು. ಗಾಡಿಯ ಬದಿಗೆ ಗೆಣ್ಣಿನಿಂದ ಕುಟ್ಟಿ ನೋಡಿದರು. “ಬಾಡಿ ಗಟ್ಟಿ ಇತ್ತ್. ಎಂತ, ತೀರ್ಮಾನ ಆಯ್ತಾ?”

ನಾನು ಸ್ಟೇರಿಂಗ್ ನೋಡುತ್ತಾ ಕೂತೆ. ಕೊಟ್ಟ ಮಾತಿಗೆ ತಪ್ಪುವವ ನಾನಲ್ಲ. ಜಲಜ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಇಲ್ಲೆ ಶೀನಣ್ಣ. ಬಪ್ಪ ಶನಿವಾರ ಗಾಡಿ ನಮ್ಗೆ ಬೇಕ್.”

“ಎಲ್ಲಿಗ್ ಹೋಪ್ದ್?”

“ಇವ್ರನ್ನೇ ಕೇಳಿ.”

ನನಗೆ ಗೊತ್ತಿದ್ದರೆ ತಾನೇ. ಶೀನಣ್ಣ ನಮ್ಮಿಬ್ಬರ ಮುಖವನ್ನೂ ನೋಡಿ, “ಹಂಗಾರೆ ನಂಗ್ ಇನ್ನೊಂದ್ ಕಟ್ಟಿ ಕೊಡಿ,” ಎಂದು ಒಳಗೆ ಹೋದರು. ನಾನು ಗೇರ್ ಹಾಕಿ ಹೊರಟೆ.

ಬ್ರಹ್ಮಾವರ ಮುಟ್ಟುವಾಗ ಮುಸ್ಸಂಜೆ. ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದೆ. ನಾಯಿಗಳು ಹಾರಿ ಇಳಿದು ಮನೆಯ ಬಾಗಿಲಿಗೆ ಓಡಿದವು. ಬೀಗದ ಕೈ ಜಲಜಳ ಕೈಯಲ್ಲೇ ಇತ್ತು, ಆದರೆ ಅವಳು ಇಳಿಯಲಿಲ್ಲ.

“ಒಂದ್ ಗಳ್ಗಿ ಕೂಕಂಬ,” ಎಂದಳು.

ಎಂಜಿನ್ ನಿಲ್ಲಿಸಿದೆ. ನಮ್ಮದೇ ಮನೆಯ ಎದುರು, ಅದು ಯಾರದೋ ಊರಿನ ಯಾರದೋ ಮನೆ ಎಂಬಂತೆ ನೋಡುತ್ತಾ, ಇಬ್ಬರೂ ಕೂತೆವು.