ಒಂಟಿಗಣ್ಣನನ್ನು ಕೂಡಿಟ್ಟವರು

ನಮ್ಮ ಹೆಡ್‌ಮಿಸ್ಸಿನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಅದರ ಸಂದಿಯಲ್ಲಿ ಸದಾ ಒಣಗಿದ ಅಂಟು. ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ ಸ್ಟಿಕರನ್ನು ಹರಿಯದಂತೆ ಬಿಡಿಸಲು ಆ ಉಗುರು. ಐವತ್ತು ದಾಟಿದ ಹೆಂಗಸು ಅವನ್ನು ಹಳೆಯ ಹಾಜರಿ ಪುಸ್ತಕದಲ್ಲಿ ಅಂಟಿಸಿಡುತ್ತಿದ್ದರು. ಅದೂ ಒಂದೇ ಒಂದು ಪ್ರಾಣಿಯದು.

ತೊಂಬತ್ತರ ದಶಕದ ಕೊನೆ. ಚಿನಕುರಳಿ ಹತ್ತಿರದ ಹಳ್ಳಿಯ ಆ ಶಾಲೆಗೆ ನಾನು ಹೊಸದಾಗಿ ಟೀಚರಾಗಿ ಬಂದವಳು. ಮಕ್ಕಳ ಬಾಯಲ್ಲೆಲ್ಲ ಯಾವುದೋ ವಿಡಿಯೋ ಗೇಮಿನ ಒಂಟಿಗಣ್ಣ. ಕಪ್ಪು ಮೈ, ಒಂದು ಕಣ್ಣು, ಬಾಯಿಯೇ ಇಲ್ಲ. ಆಟದ ನಡುವೆ ಯಾವಾಗಲೋ ಬಂದು, ಆಡುವವರನ್ನು ನೋಡಿ, ಏನೂ ಮಾಡದೆ ಮರೆಯಾಗುತ್ತಿತ್ತಂತೆ. ಅದರ ಸ್ಟಿಕರು ಸಿಗುವುದೂ ಅಪರೂಪ.

“ನಿಮಗ್ಯಾಕೆ ಮೇಡಂ ಇದರ ಹುಚ್ಚು?” ಎಂದು ಕೇಳಿದ್ದೆ.

“ಇದು ನಮ್ಮೋರೋ ಆಗ್ದೋರೋ ಇನ್ನೂ ಯಾರ್ಗೂ ಗೊತ್ತಾಗಿಲ್ಲ ಕಣಮ್ಮ. ಅದ್ಕೇ ಇನ್ನೊಂದ್ಸಲ ನೋಡವಾ ಅನ್ಸುತ್ತೆ.”

ನನಗೆ ಅದೆಲ್ಲ ಸಲ್ಲದ್ದು ಎನಿಸುತ್ತಿತ್ತು. ಒಂದು ಬೆಳಿಗ್ಗೆ ಭಾಗಾಕಾರ ಹೇಳಿಕೊಡುವಾಗ ಆರನೇ ತರಗತಿಯ ಹುಡುಗಿಯೊಬ್ಬಳು ಡೆಸ್ಕಿನಡಿ ಒಂಟಿಗಣ್ಣನ ಸ್ಟಿಕರು ನೋಡುತ್ತ ಕೂತಿದ್ದಳು. ಕಿತ್ತುಕೊಂಡು ಎರಡು ತುಂಡು ಮಾಡಿದೆ. ಅವಳು ಅಳಲಿಲ್ಲ. ಬಿಡುವಿನ ಗಂಟೆ ಹೊಡೆದ ಮೇಲೆ ನೋಡಿದರೆ ಬ್ಯಾಗು ಅಲ್ಲೇ ಇತ್ತು, ಅವಳಿರಲಿಲ್ಲ.

ಮನೆಯಲ್ಲೂ ಇರಲಿಲ್ಲ. ಊರಾಚೆ ಕಲ್ಲು ತೆಗೆದ ಗುಂಡಿಗಳಲ್ಲಿ ನೀರು ನಿಂತಿತ್ತು. ಒಂದೊಂದರ ಅಂಚಿಗೂ ಓಡಿದೆ. ಬಗ್ಗಿ ನೋಡುವ ಧೈರ್ಯವಿಲ್ಲದೆ ಅವಳ ಹೆಸರು ಕೂಗಿದೆ. ಹೆಡ್‌ಮಿಸ್ಸು ಹಿಂದೆಯೇ ಬಂದು ತೋಳು ಹಿಡಿದು, “ಏನಾಯ್ತು ಹೇಳು,” ಎಂದರು. ಹೇಳಿದೆ. ಬಯ್ಯಲಿಲ್ಲ.

“ಪಾಂಡವಪುರದ ಬಸ್‌ಸ್ಟ್ಯಾಂಡ್ ಹತ್ರ ಗೇಮಿನಂಗ್ಡಿ ಐತೆ. ಬಾ.”

ಬಸ್ಸು ಪ್ರತಿ ಊರಲ್ಲೂ ನಿಂತಿತು. ಹೆಡ್‌ಮಿಸ್ಸು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದರು. ಅಲ್ಲೂ ಇರದಿದ್ದರೆ ಎಂಬುದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಅಂಗಡಿಯಲ್ಲಿ ಆಡುವವರ ಬೆನ್ನ ಹಿಂದೆ ಅವಳು ನಿಂತಿದ್ದಳು.

“ಅದು ಬತ್ತದೆ ಅಂದ್ರು ಮಿಸ್. ಕಾಯ್ತಾವ್ನಿ.”

ಹೆಡ್‌ಮಿಸ್ಸು ಅವಳ ಪಕ್ಕ ನಿಂತು ಸ್ವಲ್ಪ ಹೊತ್ತು ತಾವೂ ಪರದೆ ನೋಡಿದರು. “ಇವತ್ತು ಬರಾಂಗಿಲ್ಲ ಕಣವ್ವ. ನಿಮ್ಮವ್ವ ಅಳ್ತಾವ್ಳೆ, ನಡಿ.”

ಶಾಲೆಯ ಮುಂದೆ ಊರೇ ಸೇರಿತ್ತು. “ಯಾರ್ ಮೇಡಂ ಇದ್ಕೆ ಕಾರಣ?” ಎಂದು ಹುಡುಗಿಯ ಅಪ್ಪ ಕೇಳಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ನಾನೇ ಕಣಪ್ಪ. ಮಕ್ಳಿಗೆ ಈ ಹುಚ್ಚು ಹಿಡಿಸ್ದೋಳು ನಾನೇ,” ಎಂದರು ಹೆಡ್‌ಮಿಸ್ಸು. ಹುಡುಗಿ ನನ್ನನ್ನು ನೋಡಿದಳು. ಅಪ್ಪನ ಕೈ ಹಿಡಿದು ಮನೆಗೆ ನಡೆದಳು.

ದೂರು ಹೋಯಿತು. ಅವರಿಗೆ ಹೊಣಕೆರೆ ಕಡೆಗೆ ವರ್ಗವಾಯಿತು. ಹೊರಡುವ ದಿನ ನನ್ನನ್ನು ಪಕ್ಕಕ್ಕೆ ಕರೆದರು. “ನೀನ್ ಹೊಸಬ್ಳು. ಈಗ್ಲೇ ಹೆಸ್ರು ಕೆಟ್ರೆ ಮಕ್ಳನ್ ಕಂಡ್ರೇ ಎದ್ರಿಕೊಂಡ್ಬುಡ್ತೀಯ. ಆ ಮಗೀಗ್ ಮಾತ್ರ ತಪ್ಪಾಯ್ತು ಅಂತ ಹೇಳ್ಬುಡು.”

ಹುಡುಗಿಗೆ ಹೇಳಿದೆ. ಅವಳ ಅಪ್ಪನಿಗೆ ಹೇಳಲಾಗಲಿಲ್ಲ. ಆತ ಬಸ್ಸಿನಲ್ಲಿ ಸಿಕ್ಕಾಗಲೆಲ್ಲ, “ಆಯಮ್ಮ ಹೋಗಿದ್ದೇ ಒಳ್ಳೇದಾಯ್ತು ಬುಡಿ,” ಎನ್ನುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಹೀಗೆಯೇ ಎಷ್ಟೋ ವರ್ಷ ಕಳೆದವು.

ಹೆಡ್‌ಮಿಸ್ಸು ತೀರಿಕೊಂಡರೆಂದು ತಿಳಿದ ಬೆಳಿಗ್ಗೆ, ಮಣ್ಣಿಗೆ ಹೊರಡುವ ಮೊದಲು, ಹುಡುಗಿಯ ಅಪ್ಪನ ಮನೆಗೆ ಹೋದೆ. ಜಗಲಿಯಲ್ಲಿ ನಿಂತೇ ಎಲ್ಲ ಹೇಳಿದೆ. ಆತ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, “ನಡೀರಿ, ನಾನೂ ಬತ್ತೀನಿ,” ಎಂದರು.