ಅಮ್ಮನ ಆಹಾ

ನನ್ನ ಅಮ್ಮ ಸಂಗೀತ ಕಲಿತವಳಲ್ಲ, ಕೇಳಿದವಳು. ಮೈಸೂರಿನ ಕಚೇರಿಗಳಲ್ಲಿ ಮುಂದಿನ ಸಾಲು ಹಿಡಿದು, ತೊಡೆಯ ಮೇಲೆ ತಾಳ ಹಾಕುತ್ತಲೇ ಆಯುಸ್ಸು ಕಳೆದಿದ್ದಾಳೆ. ಹಾಡು ಹಿಡಿಸಿದರೆ "ಆಹಾ" ಅನ್ನುತ್ತಾಳೆ, ಹಿಡಿಸದಿದ್ದರೆ ಕೈಚೀಲದಲ್ಲಿ ಏಲಕ್ಕಿ ಹುಡುಕುತ್ತಾಳೆ. ಹಾಡುವವರು ಎಷ್ಟೇ ದೊಡ್ಡವರಾಗಿರಲಿ, ದಾಕ್ಷಿಣ್ಯಕ್ಕೆ ಅಂತ ಒಂದು ಆಹಾ ಅವಳ ಬಾಯಿಂದ ಹೊರಟಿದ್ದನ್ನು ನಾನು ಕಾಣೆ. ನನ್ನ ಮಗಳು ವೀಡಿಯೊ ಕಾಲ್‌ನಲ್ಲಿ ದೊಡ್ಡ ಪಿಟೀಲಿನಂಥ ತನ್ನ ಚೆಲ್ಲೊ ನುಡಿಸಿ ತೋರಿಸಿದಾಗಲೆಲ್ಲ "ಊಟ ಆಯ್ತಾ ಪುಟ್ಟಿ?" ಎಂದು ಮಾತು ಮರೆಸುತ್ತಿದ್ದಳು.

ಕೋವಿಡ್ ತಣ್ಣಗಾದ ಮೇಲೆ ಅವಳು ಅಮೆರಿಕದ ಕ್ಯಾರಿಯಲ್ಲಿರುವ ನಮ್ಮ ಮನೆಗೆ ಬಂದಳು. ಮಗಳು ಆಗ ಬೇಸಿಗೆಯ ಒಂದು ಸಂಗೀತ ಶಿಬಿರಕ್ಕೆ ಸೇರಲು ಒದ್ದಾಡುತ್ತಿದ್ದಳು. ಅದಕ್ಕೆ ರೆಕಾರ್ಡಿಂಗ್ ಕಳಿಸಬೇಕು, ಎಲ್ಲೂ ಕತ್ತರಿಸಿ ಅಂಟಿಸಿರಬಾರದು. ಅವಳು ಆರಿಸಿಕೊಂಡದ್ದು ಅವಳ ಚೆಲ್ಲೊ ಟೀಚರ್ ಬರೆದ ಹೊಸ ಕೃತಿ, ಚೆಲ್ಲೊ ಮತ್ತು ಶಕುಹಾಚಿಗೆ. ಶಕುಹಾಚಿ ಜಪಾನಿನ ಬಿದಿರಿನ ಕೊಳಲು, ನಾಗಸ್ವರದ ಹಾಗೆ ನೆಟ್ಟಗೆ ಹಿಡಿದು ಊದುವಂಥದ್ದು. "ಎಲ್ಲರೂ ನುಡಿಸೋದನ್ನೇ ನುಡಿಸಿದ್ರೆ ನಿನ್ನ ಗಂಟೇನು ಹೋಗತ್ತೆ?" ಎಂದು ಕೇಳಿದೆ. ಜಪ್ಪಯ್ಯ ಅನ್ನಲಿಲ್ಲ. ಹಟದಲ್ಲಿ ನನ್ನ ಮಗಳೇ.

ಕೊಳಲಿನವರು ಸೆಂಟರ್‌ವಿಲ್‌ನ ಜಪಾನಿ ಹಿರಿಯರು. ಒಂದು ಶನಿವಾರ ಅಲ್ಲಿಂದ ನಾಲ್ಕೈದು ಗಂಟೆ ಡ್ರೈವ್ ಮಾಡಿಕೊಂಡು ಬಂದರು, ಸಂಜೆಯೇ ವಾಪಸು ಹೊರಡಬೇಕಿತ್ತು. ರೆಕಾರ್ಡಿಂಗ್‌ಗೆ ಒಂದು ಚರ್ಚಿನ ಹಾಲ್ ಸಿಕ್ಕಿತ್ತು. ಅಮ್ಮನನ್ನು ಮನೆಯಲ್ಲೇ ಬಿಟ್ಟು ಹೋಗುವ ಯೋಚನೆ ನನಗಿತ್ತು, ಅವಳಿಗಿರಲಿಲ್ಲ. ರೇಷ್ಮೆ ಸೀರೆಯ ಮೇಲೆ ನನ್ನ ಜಾಕೆಟ್ ಏರಿಸಿಕೊಂಡು ಎಲ್ಲರಿಗಿಂತ ಮೊದಲು ಕಾರಿನಲ್ಲಿ ಕೂತಿದ್ದಳು.

"ಅಮ್ಮ, ಇದು ಕಚೇರಿ ಅಲ್ಲ. ರೆಕಾರ್ಡ್ ಆಗ್ತಿರತ್ತೆ, ಕೆಮ್ಮೋ ಹಾಗೂ ಇಲ್ಲ."

"ನಂಗೆ ಕೆಮ್ಮೇ ಇಲ್ವಲ್ಲೇ," ಅಂದಳು.

ಕೃತಿಯ ನಡುವೆ ಒಂದು ಕಡೆ ಎರಡು ವಾದ್ಯಗಳೂ ನಿಲ್ಲುತ್ತವೆ. ಎಷ್ಟು ಹೊತ್ತು ಎಂದು ಬರೆದಿಲ್ಲ. ಕೊಳಲಿನ ಉಸಿರು ಪೂರ್ತಿ ಕರಗಿದ ಮೇಲೆ ಚೆಲ್ಲೊ ಶುರುವಾಗಬೇಕು, ಅಷ್ಟೇ. ಮಾತ್ರೆ ಎಣಿಸಿಯೇ ಬೆಳೆದ ಮಗಳಿಗೆ ಅದೇ ಕಂಟಕ. ಮೊದಲ ಎರಡು ಟೇಕ್‌ಗಳಲ್ಲೂ ಗಾಬರಿಬಿದ್ದು ಮೊದಲೇ ನುಗ್ಗಿದಳು. ಒಂದು ಸ್ವರವೂ ತಪ್ಪಿರಲಿಲ್ಲ, ಆದರೂ ಮುಖ ಸಪ್ಪಗಿತ್ತು. ಕೊಳಲಿನವರು ನೀರು ಕುಡಿದು, ಇನ್ನೊಂದು ಸಲ ಎಂದು ಸನ್ನೆ ಮಾಡಿದರು.

ಆ ಸಲ ಅವಳು ಕಾದಳು. ಕಮಾನು ತಂತಿಯ ಮೇಲೆ ಅಲುಗದೆ ನಿಂತಿತ್ತು. ಕೊಳಲಿನ ಉಸಿರು ಸಣ್ಣಗಾಗಿ, ಇದೆಯೋ ಇಲ್ಲವೋ ಅನ್ನುವಷ್ಟಾಗಿ, ಇಲ್ಲವಾಯಿತು. ನನಗೆ ಮೈ ಜುಮ್ಮೆಂದಿತು. ಆಗ ನನ್ನ ಪಕ್ಕದಿಂದಲೇ, ಸ್ಪಷ್ಟವಾಗಿ, "ಆಹಾ" ಎಂದು ಕೇಳಿಸಿತು.

ಕೊಳಲಿನವರು ಕಣ್ಣು ಮುಚ್ಚಿಕೊಂಡೇ ಕೊಂಚ ತಲೆ ಬಾಗಿಸಿದರು. ಮಗಳು ಇನ್ನೂ ಒಂದು ಗಳಿಗೆ ಬಿಟ್ಟು ಕಮಾನು ಎಳೆದಳು, ಕೊನೆಯವರೆಗೂ ತಲೆ ಎತ್ತಲಿಲ್ಲ.

ಮುಗಿದದ್ದೇ ತಡ, ಅಮ್ಮನ ಮೇಲೆ ಹರಿಹಾಯ್ದೆ. "ಇದು ಅವಳ ಸೀಟಿನ ಪ್ರಶ್ನೆ ಕಣಮ್ಮ. ಮೊದ್ಲೆರಡು ಸಲ ಸುಮ್ನಿದ್ದೆ ತಾನೇ? ಈಗ್ಲೇ ಬರ್ಬೇಕಿತ್ತಾ ನಿನ್ನ ಆಹಾ?"

"ಮೊದ್ಲೆರಡು ಸಲ ಏನಿತ್ತೇ, ಆಹಾ ಅನ್ನಕ್ಕೆ?" ಅಂದಳು ಅಮ್ಮ.

ಮಗಳು ನಮ್ಮಿಬ್ಬರನ್ನೂ ನೋಡಿದಳು. ಇನ್ನೊಂದು ಟೇಕ್ ಮಾಡೋಣ ಎಂದೆ. ಹೊತ್ತಾಗಿದ್ದರೂ ಕೊಳಲಿನವರು ಒಪ್ಪಿದರು. ಅವಳು ಮಾತ್ರ ಚೆಲ್ಲೊವನ್ನು ಪೆಟ್ಟಿಗೆಗೆ ಹಾಕತೊಡಗಿದಳು.

"ನೋ ಅಮ್ಮ. ಇದೇ ಕಳಿಸ್ತೀನಿ."

ದಾರಿಯುದ್ದಕ್ಕೂ ವಾದಿಸಿದೆ. ನ್ಯಾಯವಾಗಿಯೇ ವಾದಿಸಿದೆ, ಈಗಲೂ ಹಾಗೇ ಅನ್ನುತ್ತೇನೆ. ಎರಡನೇ ಟೇಕ್ ಕಳಿಸು, ಅದರಲ್ಲಿ ಅವಸರ ಮಾಡಿದ್ದು ಯಾರಿಗೆ ಗೊತ್ತಾಗತ್ತೆ ಎಂದೆ. "ಅಜ್ಜಿಗೆ ಗೊತ್ತಾಯ್ತಲ್ಲ," ಅಂದಳು. ಹಿಂದಿನ ಸೀಟಿನಲ್ಲಿ ಅಜ್ಜಿ ನಿದ್ದೆ ಮಾಡುತ್ತಿದ್ದಳು, ಅಥವಾ ಹಾಗೆ ನಟಿಸುತ್ತಿದ್ದಳು.

ಕೆಲವು ವಾರಗಳ ನಂತರ ಶಿಬಿರದವರು ಜೂಮ್‌ನಲ್ಲಿ ಮಾತಾಡಲು ಕರೆದರು. ನಾನು ಕ್ಯಾಮೆರಾಗೆ ಕಾಣದ ಹಾಗೆ ಬಾಗಿಲ ಹಿಂದೆ ನಿಂತಿದ್ದೆ. ನಾನು ಹೆದರಿದ್ದ ಪ್ರಶ್ನೆಯನ್ನೇ ಒಬ್ಬರು ಕೇಳಿದರು: ನಡುವೆ ಯಾರದೋ ದನಿ ಇದೆ, ಬೇರೆ ಟೇಕ್ ಇರಲಿಲ್ಲವೇ? ಮುಂದೆ ಅವಳಿಗೆ ಸೀಟು ಸಿಕ್ಕಿತು, ಅದರ ಸಂತೋಷ ಬೇರೆ. ಆದರೆ ನಾನು ಇಂದಿಗೂ ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಳ್ಳುವುದು ಅವಳು ಅಂದು ಇಂಗ್ಲಿಷಿನಲ್ಲಿ, ಒಂದಿಷ್ಟೂ ತಡವರಿಸದೆ ಕೊಟ್ಟ ಉತ್ತರದ ಬಗ್ಗೆಯೇ.

"ಇದ್ದವು, ಇಷ್ಟು ಚೆನ್ನಾಗಿರಲಿಲ್ಲ. ಅದು ನಮ್ಮಜ್ಜಿಯ ದನಿ. ಚಿಕ್ಕಂದಿನಿಂದ ಅವರ ಮುಂದೆ ನುಡಿಸುತ್ತಿದ್ದೇನೆ. ಅವರು ಹಾಗೆ ಹೇಳಿದ್ದು ಅದೇ ಮೊದಲು."