ಚರಂಡಿಯ ಕೊನೆಯಲ್ಲಿ ಕಾಬಾಳೆ

ಎಂಬತ್ತರ ದಶಕದ ಆರಂಭದಲ್ಲಿ ನಾನು ಉಡುಪಿಯ ಆಸುಪಾಸಿನ ಒಂದು ಪುರಸಭೆಯಲ್ಲಿ ಕಿರಿಯ ಇಂಜಿನಿಯರ್ ಆಗಿದ್ದೆ. ಪರ್ಕಳದಲ್ಲಿ ಬಾಡಿಗೆ ಕೋಣೆ, ದಿನವೂ ಬಸ್ಸಿನ ಓಡಾಟ. ಪ್ರತಿ ಸೋಮವಾರ ಕಚೇರಿಯ ಬೆಂಚಿನಲ್ಲಿ ಒಬ್ಬ ಹೆಂಗಸು ನನಗಾಗಿ ಕಾಯುತ್ತಿದ್ದರು. ಕೊಂಕಣಿ ಮಾತಿನ ಕ್ರಿಶ್ಚಿಯನ್ ಮನೆಯವರು. ಗಂಡ ಕುವೈತಿನಲ್ಲಿ; ಗದ್ದೆ, ತೆಂಗು, ಹಾಸಿಗೆ ಹಿಡಿದ ಅತ್ತೆ ಎಲ್ಲವೂ ಅವರ ಪಾಲಿಗೆ. ಊರಿನವರಂತೆ ನಾವೂ ಅವರನ್ನು ಬಾಯಮ್ಮ ಎನ್ನುತ್ತಿದ್ದೆವು.

"ಪೇಟೆಯ ಚರಂಡಿ ನನ್ನ ಗದ್ದೆಗೆ ಬೀಳ್ತದೆ. ಈಗ ಬಾವಿ ನೀರೂ ವಾಸನೆ. ಎಂತ ಮಾಡುವುದು, ಹೇಳಿ."

"ಬರೆದು ಕಳಿಸಿದ್ದೇವೆ ಬಾಯಮ್ಮ, ಮಂಜೂರಾತಿ ಬರಬೇಕು" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಆ ಚರಂಡಿಯ ನಕ್ಷೆ ಬರೆದವನು ನಾನೇ ಎಂಬುದನ್ನು ಹೇಳಿರಲಿಲ್ಲ. ಹಳೆಯ ಸರ್ವೆಯಲ್ಲಿ ಅಲ್ಲೊಂದು ತೋಡು, ಸಣ್ಣ ಹಳ್ಳ, ಇತ್ತು. ನೀರು ಅದಕ್ಕೆ ಸೇರುತ್ತದೆಂದು ಮೇಜಿನ ಮುಂದೆ ಕೂತೇ ಗೆರೆ ಎಳೆದಿದ್ದೆ. ತೋಡು ಎಂದೋ ಮುಚ್ಚಿಹೋಗಿತ್ತು.

ಕೊನೆಗೊಂದು ಬೆಳಿಗ್ಗೆ ಜಾಗ ನೋಡಲು ಹೋದೆ. ಗದ್ದೆಯ ತಲೆಯಲ್ಲಿ ಕಪ್ಪು ನೀರು ನಿಂತು ನಾರುತ್ತಿತ್ತು. ಬಾಯಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ. ನನಗೂ ಮುಚ್ಚಿಕೊಳ್ಳಲು ನಾಚಿಕೆಯಾಯಿತು. ಒಂದು ಬದಿಯಲ್ಲಿ ಜೊಂಡು ಹುಲ್ಲೂ ಬಾಳೆಯಂಥ ಎಲೆಯ, ಕೆಂಪು ಹೂವಿನ ಕಾಬಾಳೆಯೂ ಒತ್ತಾಗಿ ಬೆಳೆದಿದ್ದವು. ಆ ಪೊದೆ ದಾಟಿ ಬಂದ ನೀರಿನ ಬಣ್ಣವೇ ಬೇರೆ ಇತ್ತು.

"ಅಲ್ಲಿ ವಾಸನೆ ಕಡಿಮೆ ಉಂಟು. ನೀವು ಕಲಿತವರು, ಯಾಕೆ ಅಂತ ಹೇಳಿ."

ನನಗೆ ಗೊತ್ತಿರಲಿಲ್ಲ. ಪೊದೆಯ ಈಚೆಯದು, ಆಚೆಯದು ಎಂದು ಎರಡು ಬಾಟಲಿಗಳಲ್ಲಿ ನೀರು ತುಂಬಿಸಿ ಮಣಿಪಾಲದ ಪ್ರಯೋಗಾಲಯವೊಂದರಲ್ಲಿದ್ದ ಸ್ನೇಹಿತನಿಗೆ ಕೊಟ್ಟೆ. ಪೊದೆಯ ಆಚೆಯ ನೀರು ಎಷ್ಟೋ ಮೇಲು ಎಂದ. ಬೇರಿನ ಸುತ್ತ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಇರುತ್ತವೆ, ನೀರು ನಿಧಾನವಾಗಿ ಹಾದುಹೋಗಬೇಕು ಅಷ್ಟೆ ಎಂದೂ ಹೇಳಿದ.

ಹೊಂಡ ತೋಡಿ ಅದೇ ಗಿಡಗಳನ್ನು ನೆಡೋಣವೆಂದಾಗ ಮೇಲಧಿಕಾರಿ ನಕ್ಕರು. "ಹೂವಿನ ಗಿಡದಿಂದ ಚರಂಡಿ ತೊಳೆಯುವುದಾ ಮಾರಾಯ?" ಆದರೂ ಇಬ್ಬರು ಆಳುಗಳನ್ನು ಕೊಟ್ಟರು. ಬಾಯಮ್ಮ ತಮ್ಮ ಗದ್ದೆಯ ಮೇಲಿನ ತುಂಡನ್ನು ಬಿಟ್ಟುಕೊಟ್ಟರು. ಒಂದರ ಕೆಳಗೊಂದು ಮೂರು ಹೊಂಡ ತೋಡಿ, ಮುರಕಲ್ಲಿನ ಚೂರು ತುಂಬಿ, ಜೊಂಡು, ಕಾಬಾಳೆ ನೆಟ್ಟೆವು.

ಜೂನಿನ ಮೊದಲ ದೊಡ್ಡ ಮಳೆಗೆ ಹೊಂಡಗಳ ಮಣ್ಣಿನ ಕಟ್ಟೆ ಒಡೆದು ಎಲ್ಲವೂ ಕೊಚ್ಚಿಹೋಯಿತು. ಮರು ಸೋಮವಾರ ಬೆಂಚು ಖಾಲಿ ಇತ್ತು. ನನಗೆ ಕೂತಿರಲಾಗಲಿಲ್ಲ, ಹೋದೆ. ಬಾಯಮ್ಮ ಸೆರಗು ಸಿಕ್ಕಿಸಿಕೊಂಡು, ಮೊಣಕಾಲಿನವರೆಗೆ ಆ ಕೊಚ್ಚೆಯಲ್ಲಿ ನಿಂತು, ಉಳಿದ ಗೆಡ್ಡೆಗಳನ್ನು ಹೆಕ್ಕಿ ನೆಡುತ್ತಿದ್ದರು.

ಆಗ ಹೇಳಿದೆ. "ಬಾಯಮ್ಮ, ಈ ಚರಂಡಿಗೆ ಗೆರೆ ಎಳೆದವನು ನಾನೇ."

ಅವರು ತಲೆ ಎತ್ತಲಿಲ್ಲ. "ಗೊತ್ತುಂಟು. ಕಚೇರಿಯಲ್ಲಿ ನಕ್ಷೆ ನೋಡಿದ್ದೆ, ಅದರಲ್ಲಿ ನಿಮ್ಮ ಸಹಿ ಉಂಟಲ್ಲ. ಅದಕ್ಕೇ ನಿಮ್ಮ ಹತ್ತಿರವೇ ಬಂದದ್ದು."

ನಾನು ಪ್ಯಾಂಟು ಮಡಚಿ ಇಳಿದೆ. ಅವರು ಒಂದು ಗೆಡ್ಡೆ ಕೈಗೆ ಕೊಟ್ಟು, ಎಷ್ಟು ಆಳಕ್ಕೆ ಊರಬೇಕೆಂದು ತೋರಿಸಿದರು. ಮಳೆ ನಿಂತ ಮೇಲೆ ಕಟ್ಟೆಯನ್ನು ಎತ್ತರಿಸಿ, ಮಳೆನೀರು ಬೇರೆಯಾಗಿ ಹೋಗಲು ಬದಿಗೊಂದು ಕಣಿ ಕಡಿಸಿದೆವು. ಮುಂದಿನ ಮಳೆಗಾಲವನ್ನು ಅದು ತಡೆದುಕೊಂಡಿತು.

ಎರಡು ವರ್ಷದ ನಂತರ ನನಗೆ ಕಾರ್ಕಳಕ್ಕೆ ವರ್ಗವಾಯಿತು. ಅಷ್ಟರಲ್ಲಿ ಬಾವಿಯ ವಾಸನೆ ಹೋಗಿತ್ತು. ಸ್ನಾನಕ್ಕೆ, ಬಟ್ಟೆ ಒಗೆಯಲು ಅಡ್ಡಿಯಿಲ್ಲ, ಕುಡಿಯಬೇಡಿ ಎಂದು ನೀರು ಪರೀಕ್ಷಿಸಿದ ನನ್ನ ಸ್ನೇಹಿತ ಹೇಳಿದ. ಕುಡಿಯುವ ನೀರನ್ನು ಬಾಯಮ್ಮ ಪಕ್ಕದ ಮನೆಯಿಂದಲೇ ಹೊರುತ್ತಿದ್ದರು. ಹೊಂಡಗಳಿಗೆ ಹೋದ ಗದ್ದೆಯ ಬದಲಿಗೆ ಅವರಿಗೆ ಏನೂ ಸಿಗಲಿಲ್ಲ. ಬೀಳ್ಕೊಳ್ಳಲು ಹೋದಾಗ ಆ ಮಾತು ಎತ್ತಿದೆ.

"ಪೇಟೆಯವರ ನೀರು ಎಲ್ಲಿಗಾದರೂ ಹೋಗಬೇಕು, ಅಲ್ವಾ?" ಎಂದು ಅವರು ಚಹಾ ತರಲು ಒಳಗೆ ಹೋದರು.